ಕ್ಷಮೆಯೂ ಲೋಕಲಜ್ಜೆಯೂ

ದೇವರು ಕ್ಷಮಿಸಲು ಸಿದ್ಧನಾಗಿರುವಾಗ ಮನುಷ್ಯನು ಮರಳಿ ಬರಲು ತಡಮಾಡುವುದೇಕೆ? ಫ್ರೆಂಚ್ ಕವಿ ಪಾಲ್ ಕ್ಲೋಡೆಲನ ಚರಿತ್ರೆಯು ಇದಕ್ಕೆ ಉತ್ತರವನ್ನೀಯುತ್ತದೆ.

ಬಾಲ್ಯದ ಶ್ರದ್ಧೆಯನ್ನು ಕಳೆದುಕೊಂಡಿದ್ದ ಈತನು ೧೮೮೬ನೆಯ ಇಸವಿಯ ಕ್ರಿಸ್ಮಸ್ ಹಬ್ಬದಂದು, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯಕ್ಕೆ ಹೋದನು. ಬರವಣಿಗೆಗೆ ಏನಾದರೂ ವಸ್ತು ದೊರೆತೀತೆಂಬ ಆಸೆಯೇ ಅವನನ್ನು ಅಲ್ಲಿಗೆ ಕರೆದೊಯ್ದಿತು. ಸಾಯಂಕಾಲದ ಪ್ರಾರ್ಥನೆಯಲ್ಲಿ ಬಾಲಕರು ಮೇರಿಮಾತೆಯ ಸ್ತೋತ್ರವನ್ನು ಹಾಡುತ್ತಿರಲು ಅವನ ಹೃದಯವು ಕರಗಿತು. ಕ್ಷಣಮಾತ್ರದಲ್ಲಿ ಅವನು ನಂಬಿದನು. ಆದರೆ ಪಾಪನಿವೇದನೆ ಮಾಡಿ ಪರಮಪ್ರಸಾದವನ್ನು ಸ್ವೀಕರಿಸಲು ಮತ್ತೆ ನಾಲ್ಕು ವರ್ಷಗಳು ಹಿಡಿದುವು. ೧೮೯೦ರ ಕ್ರಿಸ್ಮಸ್ಸಿನಂದು, ಅದೇ ದೇವಾಲಯದಲ್ಲಿ, ಅದು ಕೈಗೂಡಿತು.

ಹಳೆಯ ಅಭಿಪ್ರಾಯಗಳು ಅವನನ್ನು ಕಾಡಿದುವೆಂಬುದು ನಿಜ. ಆದರೆ ಬಲವಾಗಿ ಕಟ್ಟಿಹಾಕಿದುದು ಲೋಕಲಜ್ಜೆಯೆಂದು ೧೯೧೩ರಲ್ಲಿ ಅವನೇ ಬರೆದನು. ಶುಕ್ರವಾರ ಮಾಂಸವನ್ನು ಬಿಡುವೆನೆಂದು ತಂದೆತಾಯಿಗಳಿಗೆ ಹೇಳುವುದು ಸಹ ಅವನಿಗೆ ದುಸ್ತರವಾಗಿತ್ತು.

ಪಶ್ಚಾತ್ತಾಪವು ಏಕಾಂತದಲ್ಲಿ ಹುಟ್ಟಬಹುದು; ಮರಳಿ ಬರುವುದಾದರೋ ನಾಲ್ವರ ಕಣ್ಣೆದುರಿಗೇ ಆಗಬೇಕು. ಆದಕಾರಣ ಹಿಂಜರಿಯುವವನ ವಿಲಂಬದಲ್ಲಿ ಸುತ್ತಲಿನವರ ಪಾಲೂ ಉಂಟು. ಕ್ಷಮಿಸುವುದು ದೇವರ ಕೆಲಸ. ಮರಳಿ ಬಂದವನನ್ನು ಕಂಡು ನಗದಿರುವುದು ಮನುಷ್ಯರ ಕೆಲಸ.