ವಿದ್ಯಾರ್ಥಿಯೂ ಊರಿನ ಕಸುಬೂ

ಕಾಲೇಜಿನಲ್ಲಿ ಓದುವ ತರುಣರು ಕೆಲವು ವಾರಗಳಾದರೂ ಊರಿನ ಕಾರ್ಖಾನೆಯಲ್ಲಿಯೋ ಕುಶಲಕರ್ಮಿಯ ಕೆಲಸದ ಮನೆಯಲ್ಲಿಯೋ ಇದ್ದು ಕಲಿಯತಕ್ಕದ್ದೆಂಬ ಅಭಿಪ್ರಾಯವು ಈಗ ಬಲವಾಗಿದೆ. ಇದಕ್ಕೆ ಇಂಟರ್ನ್‌ಷಿಪ್ ಎಂಬ ಹೆಸರು ರೂಢಿಯಾಗಿದೆ. ಹಿಂದಿನ ಕಚೇರಿಗಳಲ್ಲಿದ್ದ ಉಮೇದುವಾರಿಯ ಹತ್ತಿರದ ಬಂಧುವೆಂದರೂ ಸಲ್ಲುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸ್ಥಳೀಯ ಉದ್ಯಮಗಳಲ್ಲಿಯೂ ಕಲಾವಿದರ, ಕುಶಲಕರ್ಮಿಗಳ ಬಳಿಯಲ್ಲಿಯೂ ಇಂಥ ಕಲಿಕೆಗೆ ಅವಕಾಶವಿರಬೇಕೆಂದು ಹೇಳಿತು. 2024ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಪದವಿ ವಿದ್ಯಾರ್ಥಿಗಳಿಗಾಗಿ 60ರಿಂದ 120 ಗಂಟೆಗಳ ಅವಧಿಯನ್ನು ಸೂಚಿಸಿತು. ಇದರಿಂದ ವಿದ್ಯಾರ್ಥಿಗೆ ಆಗುವ ಲಾಭವೇನೆಂದು ಕೇಳಿದರೆ, ಮುಂದೆ ಉದ್ಯೋಗ ದೊರೆಯಲು ಅನುಕೂಲವೆಂಬ ಉತ್ತರವು ಸಿದ್ಧವಾಗಿರುತ್ತದೆ. ಆ ಉತ್ತರವು ಸುಳ್ಳಲ್ಲ. ಆದರೆ ಅಷ್ಟೇ ಸಾಕೆ ಎಂಬುದು ವಿಚಾರಣೀಯ.

ಮೈಸೂರಿಗೆ ಈ ವಿಚಾರವು ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1911ರಲ್ಲಿ, ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಸ್ಥಾಪಿತವಾದಾಗ ಕೃಷಿ, ಕೈಗಾರಿಕೆ, ವಾಣಿಜ್ಯಗಳ ಜೊತೆಗೆ ವಿದ್ಯಾಭ್ಯಾಸವನ್ನೂ ಅದರ ವಿಚಾರಕ್ಕೆ ಸೇರಿಸಿದರು. ನಾಡಿನ ಸಂಪತ್ತೂ ನಾಡಿನ ವಿದ್ಯೆಯೂ ಬೇರೆ ಬೇರೆ ಮಾತಲ್ಲವೆಂಬುದೇ ಅದರ ಭಾವ. ಆ ಮೇಲೆ 1912ರಲ್ಲಿ ರೇಷ್ಮೆಯ ನೇಯ್ಗೆಯ ಕಾರ್ಖಾನೆ, 1916ರಲ್ಲಿ ವಿಶ್ವವಿದ್ಯಾನಿಲಯ. ಎರಡೂ ಒಂದೇ ಊರಿನಲ್ಲಿ, ನಾಲ್ಕು ವರ್ಷಗಳ ಅಂತರದಲ್ಲಿ ಹುಟ್ಟಿದವು. ಕಾಲಕ್ರಮದಲ್ಲಿ ಮಾತ್ರ ಗ್ರಂಥ ಹಿಡಿದ ಕೈಯೂ ಮಗ್ಗ ಹಿಡಿದ ಕೈಯೂ ಪರಸ್ಪರ ಅಪರಿಚಿತವಾದವು.

ಈಗ ವಾಣಿಜ್ಯಶಾಸ್ತ್ರವನ್ನು ಓದುವ ಒಬ್ಬ ಹುಡುಗನು ನಮ್ಮೂರಿನ ಇನ್‌ಲೇ ಕೆಲಸಗಾರನೊಬ್ಬನ ಬಳಿಗೆ ಹೋದನೆಂದು ಭಾವಿಸೋಣ. ಬೀಟೆಮರದ ಹಲಗೆಯಲ್ಲಿ ಗುಳಿ ಕೊರೆದು, ಸಣ್ಣ ಗರಗಸದಿಂದ ಕತ್ತರಿಸಿದ ಬೇರೆ ಬೇರೆ ಬಣ್ಣದ ಮರದ ತುಂಡುಗಳನ್ನು ಅದರಲ್ಲಿ ಕೂರಿಸಿ, ಉಜ್ಜಿ, ಮೆರುಗು ಕೊಡುವುದು ಆ ಕಸುಬಿನ ಕ್ರಮ. ಹಿಂದೆ ದಂತವನ್ನೂ ಕೂರಿಸುತ್ತಿದ್ದರು. ದಂತದ ವ್ಯವಹಾರವು ನಿಷಿದ್ಧವಾಗಿ ಆ ಕಾಲ ಹೋಯಿತು. ಹುಡುಗನು ಒಂದು ಚಿತ್ರಫಲಕದ ಲೆಕ್ಕ ಬರೆಯಲು ಕೂರುತ್ತಾನೆ. ಮರದ ಬೆಲೆ, ಅಂಟಿನ ಬೆಲೆ, ಅಂಗಡಿಯವನ ಕಮಿಷನ್, ಎಲ್ಲವೂ ಸುಲಭವಾಗಿ ಬರುತ್ತವೆ. ಕೆಲಸಗಾರನ ಕೂಲಿಯೆಷ್ಟು ಎಂದು ಕೇಳಿದರೆ ಅವನು ನಗುತ್ತಾನೆ. ತನ್ನ ದಿನಗಳನ್ನು ಅವನು ಎಂದೂ ಎಣಿಸಿದವನಲ್ಲ. ಮನೆಯ ಹೆಂಗಸರು ಉಜ್ಜಿ ನಯಮಾಡಿದ ಹೊತ್ತು ಯಾವ ಪುಸ್ತಕದಲ್ಲಿಯೂ ಇಲ್ಲ. ಹುಡುಗನು ಅದನ್ನೆಲ್ಲ ಕೂಡಿ ನ್ಯಾಯವಾದ ಬೆಲೆಯೊಂದನ್ನು ಹೇಳುತ್ತಾನೆ. ಆ ಬೆಲೆಗೆ ಅಂಗಡಿಯವನು ಕೊಳ್ಳದೆ ಹೋದರೆ?

ಇಲ್ಲಿಯೇ ಆ ಕಲಿಕೆಯ ಮರ್ಮವಿರುವುದು. ಪರೀಕ್ಷೆಯಲ್ಲಿ ಲೆಕ್ಕ ತಪ್ಪಿದರೆ ಐದು ಅಂಕ ಹೋಗುವುದು. ಹೋಗುವುದು ತನ್ನ ಅಂಕವೇ. ಕೆಲಸದ ಮನೆಯಲ್ಲಿ ಲೆಕ್ಕ ತಪ್ಪಿದರೆ ಪರರ ಒಲೆ ಆರುವುದು. ನಾವು ಹೇಳಿದ ಮಾತಿನ ಫಲವನ್ನು ಇನ್ನೊಬ್ಬರು ಉಣ್ಣುತ್ತಾರೆಂಬ ಅರಿವು ಹದಿನೈದು ವರ್ಷಗಳ ಶಾಲೆಯಲ್ಲಿ ಬಾರದೆ, ಹದಿನೈದು ದಿನಗಳ ಈ ಸಹವಾಸದಲ್ಲಿ ಬರಬಹುದು. ಮುಂದೆ ಅವನು ಬ್ಯಾಂಕಿನಲ್ಲಿ ಸಾಲದ ಅರ್ಜಿಯನ್ನು ನೋಡುವಾಗಲೂ ಕಚೇರಿಯಲ್ಲಿ ಆಜ್ಞೆ ಬರೆಯುವಾಗಲೂ ಆ ಅರಿವು ಅವನ ಕೈಯನ್ನು ಒಂದು ಕ್ಷಣ ತಡೆದರೆ, ಅದಕ್ಕಿಂತ ಹೆಚ್ಚಿನ ಲಾಭವನ್ನು ನಾನು ಕಾಣೆ.

ವಿದ್ಯೆಗೆ ತನ್ನದೇ ಆದ ಘನತೆಯುಂಟು, ಅದನ್ನು ಪೇಟೆಯ ಆಳಾಗಿ ಮಾಡಬಾರದು ಎಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಗೌರವಾರ್ಹವೇ. ಆದರೆ 1937ರಲ್ಲಿ ಕೈಕಸುಬಿನ ಮೂಲಕವೇ ಶಿಕ್ಷಣವಾಗಬೇಕೆಂದು ಗಾಂಧೀಜಿಯವರು ವಾರ್ಧಾದಲ್ಲಿ ಪ್ರತಿಪಾದಿಸಿದಾಗ, ವಿದ್ಯೆಯನ್ನು ಮಾರುವ ಉದ್ದೇಶ ಅವರದಾಗಿರಲಿಲ್ಲ. ದುಡಿಮೆಯೊಳಗಿನ ಬುದ್ಧಿಯನ್ನು ಓದಿದವರು ಕಾಣಲೆಂಬುದೂ ಅದರಲ್ಲಿ ಅಡಗಿತ್ತು. ಕಾವ್ಯವನ್ನು ಓದುವವನಿಗೂ ಆ ನೋಟವು ಬೇಡದ ವಸ್ತುವಲ್ಲ.

ಇದಕ್ಕಿಂತ ಬಿಗಿಯಾದ ಪ್ರಶ್ನೆಯೊಂದುಂಟು: ಈ ಲಾಭಕ್ಕೆ ಬೆಲೆ ತೆರುವವರು ಯಾರು? ಮಾಡಿದಷ್ಟಕ್ಕೇ ಹಣ ಕಾಣುವ ಕೆಲಸಗಾರನು ಹುಡುಗನಿಗೆ ಕಲಿಸುತ್ತ ಕಳೆದ ಗಂಟೆಯು ಅವನ ಕೂಲಿಯ ಗಂಟೆ. ಕಾಲೇಜು ಆತನಿಗೆ ಒಂದು ವಂದನಾಪತ್ರವನ್ನು ಕಳುಹಿಸಿ ತೃಪ್ತಿಪಡುವುದು ಧರ್ಮವಲ್ಲ. ಆತನನ್ನು ಅಧ್ಯಾಪಕನೆಂದು ಎಣಿಸಿ ಸಂಭಾವನೆ ಕೊಡುವುದು ಧರ್ಮ. ಇನ್ನೊಂದು ಕಡೆ, ತರಬೇತಿಯ ಹೆಸರಿನಲ್ಲಿ ಹುಡುಗರಿಂದ ಬಿಟ್ಟಿ ಚಾಕರಿ ಮಾಡಿಸಿಕೊಳ್ಳುವ ಸ್ಥಾನಗಳೂ ಇಲ್ಲದಿಲ್ಲ. ಹಳ್ಳಿಯಿಂದ ಬಂದು, ಬಸ್ಸಿನ ಖರ್ಚನ್ನೂ ಮಧ್ಯಾಹ್ನದ ಊಟವನ್ನೂ ಎಣಿಸಿ ನಡೆಯುವ ಹುಡುಗಿಗೆ ಸಂಬಳವಿಲ್ಲದ ಎರಡು ತಿಂಗಳು ಅವಕಾಶವಲ್ಲ, ದಂಡ. ಉಳ್ಳವರ ಮಕ್ಕಳಿಗೆ ಮಾತ್ರ ಎಟಕುವ ಕಲಿಕೆಯು ಊರಿನ ಅಭಿವೃದ್ಧಿಯೆನಿಸಲಾರದು.

ವಿದ್ಯಾರ್ಥಿಯ ಪಾಲಿಗೂ ಒಂದು ಕರ್ತವ್ಯವುಂಟು. ಹೊರಡುವ ದಿನ ಅವನು ಪ್ರಮಾಣಪತ್ರವನ್ನು ಪಡೆಯುವುದರ ಜೊತೆಗೆ ಏನನ್ನಾದರೂ ಬಿಟ್ಟು ಬರಬೇಕು. ಗೆರೆ ಎಳೆದು ಕ್ರಮಪಡಿಸಿದ ಒಂದು ಲೆಕ್ಕದ ಪುಸ್ತಕವಾದರೂ ಸಾಕು. ಅದರಲ್ಲಿ ಕೆಲಸಗಾರನ ಕೂಲಿಗೂ ಮನೆಯ ಹೆಂಗಸರ ಹೊತ್ತಿಗೂ ಒಂದೊಂದು ಕಾಲಮ್ಮು ಇರಲಿ. ಅದನ್ನು ತುಂಬುವ ಶಕ್ತಿ ಆ ಮನೆಗೆ ಇಂದೇ ಬಾರದಿರಬಹುದು. ಆದರೆ ಅದು ಖಾಲಿಯಿದೆಯೆಂದು ಮನೆಯವರಿಗೂ ತಿಳಿಯಿತು, ಹುಡುಗನಿಗೂ ತಿಳಿಯಿತು. ತಿಳಿದ ಮೇಲೆ ಸುಮ್ಮನಿರುವುದು ಇಬ್ಬರಿಗೂ ಅಷ್ಟು ಸುಲಭವಲ್ಲ.