ತೂಕ ಬಿದ್ದ ಮೇಲಿನ ಬಿಗಿ

ಗಾಡಿಯ ಮುಂಭಾಗದಿಂದ ‘ಟಕ್’ ಎಂಬ ಸದ್ದು ಮೊದಲು ಕೇಳಿದ್ದು ಎರಡು ಮಳೆಗಾಲಗಳ ಹಿಂದೆ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಿಂದ ಶಿವಮೊಗ್ಗದ ಮಂಡಿಗೆ ಸುಮಾರು ಮೂವತ್ತು ವರ್ಷ ಅಡಿಕೆ ಹೊತ್ತ ಪಿಕಪ್ ಅದು. ಅಪ್ಪ, ಚಿಕ್ಕಪ್ಪ ಒಟ್ಟಿಗಿದ್ದಾಗ ಸೇರಿ ಕೊಂಡದ್ದು. ಆಮೇಲೆ ತೋಟ ಪಾಲಾಯಿತು, ಮನೆಗೆ ನಡುಗೋಡೆ ಬಂತು, ಪಾತ್ರೆಗಳನ್ನೂ ಎಣಿಸಿ ಹಂಚಿದ್ದಾಯಿತು. ಹಂಚಲಾಗದೆ ಉಳಿದದ್ದು ಈ ಗಾಡಿಯೊಂದೇ. ಇಂದಿಗೂ ಒಂದು ವಾರ ನಮ್ಮ ಅಂಗಳದಲ್ಲಿ, ಒಂದು ವಾರ ಅವರ ಅಂಗಳದಲ್ಲಿ ನಿಲ್ಲುತ್ತದೆ.

ಸದ್ದಿನ ಜೊತೆಗೇ ಮುಂದಿನ ಎಡ ಟಯರಿನ ಒಳ ಅಂಚು ಸವೆಯತೊಡಗಿತು. ಟಯರು ಹಳೆಯದಾಯಿತೆಂದುಕೊಂಡು ಎರಡು ಹೊಸ ಟಯರು ಹಾಕಿಸಿದೆವು. ಆರು ತಿಂಗಳಾಗುವಷ್ಟರಲ್ಲಿ ಅವೂ ಅದೇ ಅಂಚಿನಲ್ಲಿ ಬೋಳಾದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ನಾವು ಮಾಡಿದ್ದು ಅದನ್ನೇ. ಕಣ್ಣಿಗೆ ಕಾಣುವ ಜಾಗದಲ್ಲಿ ಗಾಯವಿತ್ತು, ಕಾಯಿಲೆ ಇದ್ದದ್ದು ಕಾಣದ ಜಾಗದಲ್ಲಿ.

ಕಡೆಗೆ ನಾನೂ ಚಿಕ್ಕಪ್ಪನ ಮಗನೂ ಗಾಡಿಯನ್ನು ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಒಯ್ದೆವು. ಅಲ್ಲಿಯ ಹಿರಿಯ ಮೆಕ್ಯಾನಿಕ್ ನಮ್ಮ ವಿವರಣೆಯನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮುಂಭಾಗವನ್ನು ಜ್ಯಾಕಿನಲ್ಲಿ ಎತ್ತಿ, ಚಕ್ರವನ್ನು ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಹಿಡಿದು ಅಲುಗಿಸಿದರು. ಆಮೇಲೆ ಮೂರು ಮತ್ತು ಒಂಬತ್ತರ ಜಾಗದಲ್ಲಿ. ಮೇಲೆ ಕೆಳಗೆ ಅಲುಗಿದರೆ ಬಾಲ್ ಜಾಯಿಂಟೋ ಬೇರಿಂಗೋ, ಅಕ್ಕಪಕ್ಕ ಅಲುಗಿದರೆ ಟೈ ರಾಡ್ ಎಂಡು. ಕೊನೆಗೊಂದು ಸಣ್ಣ ಕಬ್ಬಿಣದ ಸಲಾಕೆಯನ್ನು, ಚಕ್ರವನ್ನು ಚಾಸಿಗೆ ಜೋಡಿಸುವ ಕೆಳತೋಳಿನ ಬುಡಕ್ಕೆ ತುರುಕಿ ಮೀಟಿದರು. ಅದೇ ‘ಟಕ್’. “ಆಟ ಬಂದಿದೆ” ಎಂದರು.

ಆ ‘ಆಟ’ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಎರಡು ವಸ್ತುಗಳ ನಡುವೆ ಇರಬಾರದ ಜಾಗ ಹುಟ್ಟಿಕೊಂಡರೆ ಗ್ಯಾರೇಜಿನವರು ಅದನ್ನು ಆಟ ಎನ್ನುತ್ತಾರೆ. ಕೂದಲೆಳೆಯಷ್ಟು ಜಾಗವಾದರೂ ಪ್ರತಿ ಗುಂಡಿಯಲ್ಲಿ ಕಬ್ಬಿಣ ಕಬ್ಬಿಣವನ್ನು ಹೊಡೆಯುತ್ತದೆ, ಹೊಡೆದಷ್ಟೂ ಜಾಗ ಹಿಗ್ಗುತ್ತದೆ.

ಸಂಜೆಯ ಹೊತ್ತಿಗೆ ತೋಳುಗಳು ಕಳಚಿ ನೆಲಕ್ಕೆ ಬಂದವು. ಪ್ರೆಸ್ಸಿನಲ್ಲಿ ಒತ್ತಿ ತೆಗೆದ ಹಳೆಯ ಬುಷ್ ಒಂದನ್ನು ಅವರು ನನ್ನ ಅಂಗೈಗೆ ಹಾಕಿದರು. ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರು. ಹೊರಕೊಳವೆ ತೋಳಿನ ಕಣ್ಣಿನಲ್ಲಿ ಕೂರುತ್ತದೆ. ಒಳಕೊಳವೆಯನ್ನು ಬೋಲ್ಟು ಚಾಸಿಗೆ ಬಿಗಿದು ಹಿಡಿಯುತ್ತದೆ. ಚಕ್ರ ಗುಂಡಿಗೆ ಇಳಿದು ಏಳುವಾಗ ಯಾವ ಕೊಳವೆಯೂ ಜಾರುವುದಿಲ್ಲ. ನಡುವಿನ ರಬ್ಬರು ತಿರುಚಿಕೊಳ್ಳುತ್ತದೆ, ಮತ್ತೆ ನೇರವಾಗುತ್ತದೆ. ರಸ್ತೆಗೂ ಗಾಡಿಗೂ ನಡುವಿನ ಜಗಳವನ್ನೆಲ್ಲ ಅದು ತನ್ನ ಮೈಯೊಳಗೇ ಮುಗಿಸಿಕೊಳ್ಳುತ್ತದೆ. ನನ್ನ ಕೈಯಲ್ಲಿದ್ದ ರಬ್ಬರು ಸೀಳಿ, ಒಣಗಿ, ಒಂದು ಕಡೆ ಪೂರ್ತಿ ತಿಂದುಹೋಗಿತ್ತು. ಮೂವತ್ತು ವರ್ಷದಲ್ಲಿ ನಾವು ಗಾಡಿಯನ್ನು ಎಷ್ಟೋ ಸಲ ತೊಳೆದಿದ್ದೇವೆ, ಎರಡು ಸಲ ಬಣ್ಣ ಹೊಡೆಸಿದ್ದೇವೆ. ಇಂಥದೊಂದು ವಸ್ತು ಒಳಗಿದೆಯೆಂದು ಒಮ್ಮೆಯೂ ನೆನೆದಿರಲಿಲ್ಲ.

ಕನ್ನಡದಲ್ಲಿ ಗಾಡಿಗೂ ಕೀಲು, ಮೈಗೂ ಕೀಲು. ನನ್ನ ಅಜ್ಜ ಎತ್ತಿನಗಾಡಿ ಹೂಡುವ ಮೊದಲು ಅಚ್ಚಿಗೆ ಕೀಲೆಣ್ಣೆ ಹಾಕದೆ ನೊಗಕ್ಕೆ ಕೈ ಹಚ್ಚುತ್ತಿರಲಿಲ್ಲ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿದ ಆ ಕಪ್ಪು ಮಣ್ಣಿನಂಥ ಮುದ್ದೆಯ ವಾಸನೆ ಈಗಲೂ ನನಗೆ ನೆನಪಿದೆ. ಹಳ್ಳಿಯವರು ಹೇಳುವ ರಾಮಾಯಣದಲ್ಲಿ ಯುದ್ಧದ ನಡುವೆ ದಶರಥನ ರಥದ ಕೀಲು ಕಳಚುತ್ತದೆ. ಕೈಕೇಯಿ ತನ್ನ ಬೆರಳನ್ನೇ ಕೀಲಿನ ಜಾಗಕ್ಕೆ ಕೊಡುತ್ತಾಳೆ. ರಥ ಓಡಿತು, ರಾಜ ಗೆದ್ದ. ನಾವೆಲ್ಲ ಆಕೆ ಕೇಳಿದ ವರವನ್ನು ನೆನಪಿಟ್ಟುಕೊಂಡಿದ್ದೇವೆ. ಚಕ್ರಕ್ಕೂ ಅಚ್ಚಿಗೂ ನಡುವೆ ನುಗ್ಗಾದ ಬೆರಳನ್ನು ಮರೆತಿದ್ದೇವೆ. ನಡುವೆ ನಿಂತು ಸವೆದವರ ಲೆಕ್ಕ ಯಾರೂ ಬರೆದಿಡುವುದಿಲ್ಲ. ಅವರಾಗಿ ಬಾಯಿಬಿಟ್ಟು ಕೇಳಿದ ದಿನ ಮಾತ್ರ ನಾವು ಬೆಚ್ಚುತ್ತೇವೆ.

ನಮ್ಮ ಮನೆಯಲ್ಲಿ ಆ ಜಾಗದಲ್ಲಿದ್ದವರು ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅಪ್ಪ ಸಿಟ್ಟಿನಲ್ಲಿ ಆಡಿದ ಮಾತು ಚಿಕ್ಕಪ್ಪನ ಕಿವಿ ತಲುಪುವಾಗ ಅದರ ಕಾವು ಇಳಿದಿರುತ್ತಿತ್ತು. ಚಿಕ್ಕಪ್ಪನ ಮೌನ ಅಪ್ಪನ ಬಳಿಗೆ ಬರುವಾಗ ಅದಕ್ಕೊಂದು ಕಾರಣ ಸೇರಿರುತ್ತಿತ್ತು. ಆ ಕಾವೆಲ್ಲ ಎಲ್ಲಿ ಹೋಗುತ್ತಿತ್ತೆಂದು ನಾವು ಕೇಳಲಿಲ್ಲ. ಅತ್ತೆ ತೀರಿಕೊಂಡ ವರ್ಷದೊಳಗೆ ಮನೆಯಲ್ಲಿ ‘ಟಕ್’ ಎಂಬ ಸದ್ದು ಶುರುವಾಯಿತು. ನೀರಿನ ಪಾಳಿಗೆ ಒಂದು ಮಾತು, ಕೊನೆ ಕೊಯ್ಯುವ ಕೂಲಿಗೆ ಇನ್ನೊಂದು. ಆಗಲೂ ನಾವು ಬದಲಿಸಿದ್ದು ಟಯರನ್ನೇ: ಬೇಲಿ ಸರಿಸಿದೆವು, ಸರ್ವೆ ಮಾಡಿಸಿದೆವು, ಪಾಲುಪಟ್ಟಿ ಬರೆಸಿದೆವು. ಬೇರೆಯಾದರೆ ಸದ್ದು ನಿಲ್ಲುತ್ತದೆ ಎಂದುಕೊಂಡಿದ್ದೆವು.

ಆ ನಂಬಿಕೆ ಎಲ್ಲಿ ತಪ್ಪಿತೆಂದು ನನಗೆ ಹೊಳೆದದ್ದು ಗ್ಯಾರೇಜಿನ ನೆಲದ ಮೇಲೆ ಸಾಲಾಗಿ ಇಟ್ಟಿದ್ದ ಭಾಗಗಳನ್ನು ಎಣಿಸುವಾಗ. ಹಳೆಯ ಕಾಲದ ವಾಹನಗಳಲ್ಲಿ ಮುಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಅಚ್ಚಿನ ತುದಿಗಳು. ಎಡಚಕ್ರ ಕಲ್ಲು ಹತ್ತಿದರೆ ಬಲಚಕ್ರವೂ ವಾಲಬೇಕು. 1930ರ ದಶಕದ ಆರಂಭದ ಹೊತ್ತಿಗೆ ಹಲವು ಎಂಜಿನಿಯರುಗಳು ಈ ಅಚ್ಚನ್ನು ಮುರಿಯಲು ಹೊರಟಿದ್ದರು. ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿ ಮಾರಿಸ್ ಆಲಿ ಮತ್ತವರ ಸಂಗಡಿಗರ ಕೆಲಸದ ಫಲವಾಗಿ 1934ರ ಕಾರುಗಳಲ್ಲಿ ಮುಂದಿನ ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಏಳುವಂತಾದವು. ಅದೇ ವರ್ಷ ಫ್ರಾನ್ಸಿನ ಸಿಟ್ರೊಯೆನ್ ಕಾರು ಟಾರ್ಷನ್ ಬಾರ್ ಹೊತ್ತು ಬಂತು. ಅದು ಸುರುಳಿಯೂ ಅಲ್ಲದ, ಪಟ್ಟಿಯೂ ಅಲ್ಲದ ನೇರವಾದ ಉಕ್ಕಿನ ಸರಳು. ತನ್ನ ಉದ್ದಕ್ಕೂ ತಿರುಚಿಕೊಂಡೇ ಭಾರ ಹೊರುವಂಥದ್ದು. ನಮ್ಮ ಗಾಡಿಯಲ್ಲಿದ್ದದ್ದೂ ಅಂಥದೇ ಸರಳು.

ಗಟ್ಟಿ ಅಚ್ಚಿಗೆ ಬೇಕಾಗುವ ಕೀಲುಗಳು ಕೆಲವೇ. ಚಕ್ರಗಳನ್ನು ಬಿಡಿಸಿದ ಕೂಡಲೇ ಪ್ರತಿ ಬದಿಗೆ ಮೇಲೊಂದು ಕೆಳಗೊಂದು ತೋಳು ಬೇಕಾಯಿತು. ಪ್ರತಿ ತೋಳಿಗೆ ಎರಡು ಬುಷ್, ತುದಿಗೊಂದು ಬಾಲ್ ಜಾಯಿಂಟ್. ನಮ್ಮ ಗಾಡಿಯ ಮುಂಭಾಗದಲ್ಲಿ ಒಟ್ಟು ಎಂಟು ಬುಷ್, ನಾಲ್ಕು ಬಾಲ್ ಜಾಯಿಂಟ್. ಟೈ ರಾಡಿನ ತುದಿಗಳು ಬೇರೆ. ಚಕ್ರಗಳು ಸ್ವತಂತ್ರವಾದಷ್ಟೂ ನಡುವಿನ ಕೀಲುಗಳು ಹೆಚ್ಚಾದವು, ಅವುಗಳ ಆರೈಕೆಯೂ ಹೆಚ್ಚಾಯಿತು. ನಾವೂ ಮನೆಯ ಅಚ್ಚು ಮುರಿದೆವು. ಬೇರೆಯಾದವರ ನಡುವೆ ಹೊಸ ಕೀಲುಗಳು ಬೇಕೆಂಬುದನ್ನು ಯೋಚಿಸಲೇ ಇಲ್ಲ. ಕೂಡಿ ಬಾಳುವವರಿಗಿಂತ ಬೇರೆ ಬಾಳುವವರಿಗೇ ನಡುವಿನ ಆ ಮೆತ್ತನೆಯ ಪದರ ಹೆಚ್ಚು ಬೇಕು.

ಟಾರ್ಷನ್ ಬಾರುಗಳನ್ನು ಕಳಚುವಾಗ ಮೆಕ್ಯಾನಿಕ್ ಎಡದ್ದಕ್ಕೆ ಒಂದು ಬಿಳಿ ಗೆರೆ, ಬಲದ್ದಕ್ಕೆ ಎರಡು ಗೆರೆ ಎಳೆದರು. ನೋಡಲು ಎರಡೂ ಒಂದೇ. ಅದಲುಬದಲಾದರೆ ಏನಾಗುತ್ತದೆ ಎಂದು ಕೇಳಿದೆ. ಇಷ್ಟು ವರ್ಷ ಒಂದೇ ದಿಕ್ಕಿಗೆ ತಿರುಚಿಕೊಂಡು ಭಾರ ಹೊತ್ತ ಉಕ್ಕು, ಇನ್ನೊಂದು ದಿಕ್ಕಿಗೆ ತಿರುಚಿದರೆ ಬಿರುಕು ಬಿಡುತ್ತದೆ ಎಂದರು. ಹೊತ್ತ ಭಾರ ಹೊರಗೆ ಕಾಣದೆಯೂ ಒಳಗೆ ದಿಕ್ಕಾಗಿ ಉಳಿಯುತ್ತದೆ. ಅಪ್ಪನನ್ನು ಚಿಕ್ಕಪ್ಪನಂತಿರಿ, ಚಿಕ್ಕಪ್ಪನನ್ನು ಅಪ್ಪನಂತಿರಿ ಎಂದು ನಾವು ಎಷ್ಟು ಸಲ ಒತ್ತಾಯಿಸಿದ್ದೆವು!

ಮಾರನೆಯ ದಿನ ಜೋಡಣೆ. ಹೊಸ ಬುಷ್‌ಗಳು ಕೂತವು, ಹೊಸ ಬಾಲ್ ಜಾಯಿಂಟ್‌ಗಳು ಬಂದವು, ಶಾಕ್ ಅಬ್ಸಾರ್ಬರುಗಳೂ ಬದಲಾದವು. ತೋಳುಗಳನ್ನು ಚಾಸಿಗೆ ಸೇರಿಸಿ ಬೋಲ್ಟು ಹಾಕಿದಾಗ ಚಿಕ್ಕಪ್ಪನ ಮಗ ಉದ್ದನೆಯ ಸ್ಪ್ಯಾನರ್ ಹಿಡಿದು ಬಿಗಿಯಲು ಹೊರಟ. ಮೆಕ್ಯಾನಿಕ್ ಕೈ ಅಡ್ಡ ಹಿಡಿದರು. “ಈಗ ಬೇಡ. ಗಾಡಿ ನೆಲಕ್ಕಿಳೀಲಿ, ತೂಕ ಬೀಳ್ಲಿ. ಆಮೇಲೆ ಬಿಗಿ.”

ಗಾಡಿ ಜ್ಯಾಕಿನ ಮೇಲೆ ನಿಂತಿರುವಾಗ ಚಕ್ರ ಕೆಳಗೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲಿ ಬಿಗಿದರೆ ರಬ್ಬರು ಅದನ್ನೇ ತನ್ನ ನೆಲೆ ಎಂದು ಹಿಡಿದುಕೊಳ್ಳುತ್ತದೆ. ನೆಲಕ್ಕಿಳಿಸಿದೊಡನೆ ತೋಳು ಮೇಲೇಳುತ್ತದೆ, ರಬ್ಬರು ತಿರುಚಿಕೊಳ್ಳುತ್ತದೆ. ಸುಮ್ಮನೆ ನಿಂತಾಗಲೂ ಅದಕ್ಕೆ ಬಿಡುಗಡೆಯಿಲ್ಲ. ಬಾಳಬೇಕಾದ ಬುಷ್ ಬೇಗನೆ ಹರಿದುಹೋಗುತ್ತದೆ. ಹೊಸ ಸಾಮಾನು, ಸರಿಯಾದ ಅಳತೆ, ಒಳ್ಳೆಯ ಕೈ ಎಲ್ಲವೂ ಇದ್ದು, ಬಿಗಿದ ಗಳಿಗೆ ಮಾತ್ರ ತಪ್ಪಿದರೂ ಸಾಕು.

ಗಾಡಿಯನ್ನು ಇಳಿಸಿದರು. ಬಾನೆಟ್ಟಿನ ಮೂಲೆಗಳನ್ನು ಒತ್ತಿ ಒತ್ತಿ ಬಿಟ್ಟು, ಮುಂಭಾಗ ತನ್ನ ಎತ್ತರಕ್ಕೆ ತಾನೇ ಬಂದು ನಿಲ್ಲುವವರೆಗೂ ಕಾದರು. ಆಮೇಲೆ ಅಡಿಗೆ ನುಸುಳಿ ಎಂಟೂ ಕಡೆ ಬಿಗಿದರು.

ನಾನು ಅಲ್ಲಿಯವರೆಗೆ ನಂಬಿದ್ದು ಬೇರೆಯೇ. ಮನುಷ್ಯರ ನಡುವಿನ ಒಪ್ಪಂದಗಳನ್ನು ಹಗುರಾಗಿದ್ದಾಗ ಮಾಡಿಕೊಳ್ಳಬೇಕು, ಕಷ್ಟ ಬರುವ ಮುಂಚೆ ಎಲ್ಲವನ್ನೂ ಬಿಗಿ ಮಾಡಿಕೊಳ್ಳಬೇಕು ಎಂದು. ನಮ್ಮ ಪಾಲುಪಟ್ಟಿ ಬರೆದದ್ದೂ ಹಾಗೆಯೇ: ಅಡಿಕೆಗೆ ಒಳ್ಳೆಯ ಧಾರಣೆಯಿದ್ದ ವರ್ಷ, ಇಬ್ಬರು ಅಣ್ಣತಮ್ಮಂದಿರೂ ಗಟ್ಟಿಯಾಗಿದ್ದ ಕಾಲದಲ್ಲಿ. ಯಾರ ಮೇಲೂ ತೂಕ ಬಿದ್ದಿರಲಿಲ್ಲ. ಕೊಳೆರೋಗ ಬಂದ ವರ್ಷ, ಅಪ್ಪ ಹಾಸಿಗೆ ಹಿಡಿದ ವರ್ಷ, ಕಾಗದದ ಒಂದೊಂದು ಸಾಲೂ ತಿರುಚಿಕೊಂಡಿತು. ಆ ಸಾಲುಗಳು ಸುಳ್ಳಾಗಿರಲಿಲ್ಲ, ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದವಾಗಿದ್ದವು. ಭಾರ ಬರುವ ಮುಂಚೆ ಬೋಲ್ಟು ಜಾಗದಲ್ಲಿರಬೇಕು, ನಿಜ, ಬೀಳದಂತೆ ಹಿಡಿದಿರಬೇಕು. ಕೊನೆಯ ಸುತ್ತನ್ನು ಮಾತ್ರ ಭಾರಕ್ಕೆಂದು ಉಳಿಸಿಕೊಳ್ಳಬೇಕು. ಯಾರ ಸಂಗಡ ಹೇಗೆ ಬಾಳಬಲ್ಲೆವೆಂಬುದು ಇಬ್ಬರ ಮೇಲೂ ಬದುಕಿನ ತೂಕ ಬಿದ್ದು, ತಗ್ಗಿ, ಒಂದು ಎತ್ತರಕ್ಕೆ ನಿಂತ ಮೇಲಷ್ಟೇ ಗೊತ್ತಾಗುತ್ತದೆ.

ಅಲೈನ್‌ಮೆಂಟ್ ಮುಗಿಸಿ ಹೊರಟಾಗ ಕತ್ತಲಾಗಿತ್ತು. ಗಾಜನೂರು ದಾಟಿ, ಮಂಡಗದ್ದೆಯ ಕಾಡಿನ ತಿರುವುಗಳಲ್ಲಿ ಗಾಡಿ ಸದ್ದಿಲ್ಲದೆ ಹರಿಯಿತು. ಗುಂಡಿಗಳು ಅಲ್ಲೇ ಇದ್ದವು, ಅವುಗಳ ಏಟು ನಮಗೆ ತಾಕುತ್ತಿರಲಿಲ್ಲ, ಅಷ್ಟೆ. ಹಳೆಯ ಬುಷ್ ನನ್ನ ಜೇಬಿನಲ್ಲಿತ್ತು. ಪಕ್ಕದಲ್ಲಿ ಸ್ಟಿಯರಿಂಗ್ ಹಿಡಿದಿದ್ದ ಚಿಕ್ಕಪ್ಪನ ಮಗ ಬಹಳ ಹೊತ್ತು ಸುಮ್ಮನಿದ್ದು, “ಅಪ್ಪ ನಿನ್ನೆ ದೊಡ್ಡಪ್ಪನ ಆರೋಗ್ಯ ಕೇಳಿದ್ರು. ಹೇಳು ಅಂತ ಏನೂ ಹೇಳಲಿಲ್ಲ” ಎಂದ.

ಅತ್ತೆಯಿದ್ದಿದ್ದರೆ ಈ ಮಾತು ಅಪ್ಪನಿಗೆ ಹೇಗೆ ತಲುಪುತ್ತಿತ್ತೆಂದು ನನಗೆ ಗೊತ್ತು. ಗಾಡಿಯ ಬುಷ್ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲಿ ತೆರವಾದ ಕಣ್ಣಿಗೆ ಯಾರಾದರೂ ತಾವಾಗಿಯೇ ಹೋಗಿ ಕೂರಬೇಕು. ಅಂಗಳಕ್ಕೆ ಗಾಡಿ ಬಂದಾಗ ಅಪ್ಪ ಇನ್ನೂ ಎಚ್ಚರವಾಗಿದ್ದರು. ನಾನು ಅವರ ಹಾಸಿಗೆಯ ಅಂಚಿನಲ್ಲಿ ಕೂತು ಹೇಳಿದೆ: “ಚಿಕ್ಕಪ್ಪ ನಿಮ್ಮನ್ನ ವಿಚಾರಿಸ್ತಿದ್ರಂತೆ.”