ಹಾಚಿ ಸತ್ತ ರಾತ್ರಿ

ನಾನು ನೆಟ್‌ಹ್ಯಾಕ್ ಆಡ್ತೀನಿ ಅಂದ್ರೆ ಆಫೀಸಲ್ಲಿ ನಗ್ತಾರೆ. 1987ರ ಆಟ. ಕಪ್ಪು ಪರದೆಯ ಮೇಲೆ ಬರೀ ಅಕ್ಷರಗಳು. 1980ರ 'ರೋಗ್' ಎಂಬ ಆಟದ ವಂಶದ್ದು, ಅದಕ್ಕೇ ಇವನ್ನೆಲ್ಲ ರೋಗ್‌ಲೈಕ್ ಅನ್ನೋದು. ಕೌಬಾಯ್‌ಗಳ ಮರುಭೂಮಿಗೆ ದೆವ್ವ ಬಿಟ್ಟಂಥ ರೋಗ್‌ಲೈಕ್‌ಗಳೂ ಈಗ ಇವೆ. ವೇಷ ಯಾವುದಾದರೂ ಮೂಲ ಕಾಯಿದೆ ಒಂದೇ: ಸತ್ತರೆ ಸತ್ತಿರಿ. ಸೇವ್ ಮಾಡಿಟ್ಟ ಆಟವನ್ನು ತೆರೆದ ಕೂಡಲೇ ನೆಟ್‌ಹ್ಯಾಕ್ ಆ ಫೈಲನ್ನು ಅಳಿಸಿಬಿಡುತ್ತೆ. ಹಿಂದಕ್ಕೆ ದಾರಿಯಿಲ್ಲ.

ಸಮುರಾಯ್ ಆಗಿ ಆಡಿದರೆ ಜೊತೆಗೊಂದು ನಾಯಿಮರಿ ಸಿಗುತ್ತೆ, ಹೆಸರು ಹಾಚಿ. ಸತ್ತ ಯಜಮಾನನಿಗಾಗಿ ಟೋಕಿಯೋದ ಶಿಬುಯಾ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಕಾದ ಹಾಚಿಕೋ ನೆನಪಾಗುತ್ತೆ. ಪರದೆಯಲ್ಲಿ ಅದು ಇಂಗ್ಲಿಷಿನ 'ಡಿ' ಅಕ್ಷರ. ತೊಂದರೆ ಏನಂದ್ರೆ ನರಿಯೂ 'ಡಿ'ಯೇ, ಬಣ್ಣ ಮಾತ್ರ ಬೇರೆ. ರಾತ್ರಿ ಒಂದೂವರೆಗೆ, ನಿದ್ದೆಗಣ್ಣಲ್ಲಿ, ನರಿ ಅಂತ ಬಾಣ ಬಿಟ್ಟೆ. ಆಟ ನನ್ನನ್ನು ಕೊಲೆಗಾರ ಅಂತು.

ಸಾಕಿದ ಪ್ರಾಣಿಯನ್ನು ಕೊಂದರೆ ಅದೃಷ್ಟದಲ್ಲಿ 5 ಕಡಿಮೆಯಾಗುತ್ತೆ. ಅದು ಸೊನ್ನೆಗಿಂತ ಕೆಳಗಿದ್ದಷ್ಟು ಕಾಲ ಪ್ರಾರ್ಥನೆ ಫಲಿಸಲ್ಲ. ಸಾಮಾನ್ಯವಾಗಿ 600 ನಡೆಗೆ ಒಂದೊಂದೇ ಅಂಕ ವಾಪಸ್ ಬರುತ್ತೆ. ಅಂದ್ರೆ 3000 ನಡೆ, ದೇವರಿಲ್ಲದೆ, ನಾಯಿಯಿಲ್ಲದೆ.

ನಾನು ಕಾಯಲಿಲ್ಲ. ಬುದ್ಧಿವಂತ ಅಲ್ವಾ, ಸೇವ್ ಫೈಲಿನ ಕಾಪಿ ಮೊದಲೇ ಬೇರೆ ಫೋಲ್ಡರಿನಲ್ಲಿಟ್ಟಿದ್ದೆ. ಎರಡು ಕಮಾಂಡು, ಹಾಚಿ ಎದ್ದು ಬಂತು.

ಇದರಲ್ಲಿ ತಪ್ಪೇನು? ಎದುರಾಳಿ ಇಲ್ಲ, ದುಡ್ಡಿಲ್ಲ. ಆಟದ ಸೋರ್ಸ್ ಕೋಡೇ ಬಯಲಲ್ಲಿದೆ. ಸಾವನ್ನೇ ತೆಗೆದು ಕಂಪೈಲ್ ಮಾಡಿಕೊಂಡರೂ ಲೈಸೆನ್ಸು ಬೇಡ ಅನ್ನಲ್ಲ. ಸಾಯದೆ ಆಡೋಕೆ 'ಎಕ್ಸ್‌ಪ್ಲೋರ್' ಅನ್ನೋ ವಿಧಾನವನ್ನೂ ಅವರೇ ಕೊಟ್ಟಿದ್ದಾರೆ. ಆದರೆ ಅಲ್ಲಿ ಆಡಿದ್ದು ಸ್ಕೋರ್ ಪಟ್ಟಿಗೆ ಸೇರಲ್ಲ. ನನಗೆ ಪಟ್ಟಿಯೂ ಬೇಕಿತ್ತು, ಹಾಚಿಯೂ ಬೇಕಿತ್ತು. ಯಾರಿಗೂ ನಷ್ಟವಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ನಿದ್ದೆ ಮಾತ್ರ ಬರಲಿಲ್ಲ.

ಯಾಕಂದ್ರೆ ಇದು ನನ್ನ ಮೊದಲ ಕಾಪಿ ಅಲ್ಲ. ನಾಲ್ಕು ವರ್ಷದ ಹಿಂದೆ ಹೊಸ ಕಾರು ತಗೊಂಡು ಊರಿಗೆ ಹೋಗಿದ್ದೆ. ಬೆಳಗ್ಗೆ ಅಂಗಳದಿಂದ ರಿವರ್ಸ್ ತೆಗೆಯುವಾಗ ಕರಿಯ ಚಕ್ರಕ್ಕೆ ಸಿಕ್ಕಿತು. ಹನ್ನೊಂದು ವರ್ಷ ಅಮ್ಮನ ಕಾಲ ಬುಡದಲ್ಲೇ ಮಲಗಿದ್ದ ನಾಯಿ. ಅಮ್ಮ ಕೊಟ್ಟಿಗೆಯಲ್ಲಿದ್ದಳು, ಯಾರೂ ನೋಡಿರಲಿಲ್ಲ. ಎತ್ತಿ ರಸ್ತೆ ಬದಿಗೆ ಮಲಗಿಸಿ, "ಹಾಲಿನ ವ್ಯಾನು ಹೊಡೀತು ಕಣಮ್ಮ" ಅಂದೆ. ಅಮ್ಮನ ಲೋಕದಲ್ಲಿ ನಾನು ಕರಿಯನನ್ನು ಕೊಂದಿಲ್ಲ. ಆ ಫೈಲೇ ಇವತ್ತಿಗೂ ಓಡ್ತಿದೆ.

ಮುದುಕಿಗೆ ಯಾಕೆ ಎರಡು ನೋವು ಅಂತ ಆಗ ಅಂದುಕೊಂಡಿದ್ದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಹಾಚಿಯ ಕಾಪಿಯನ್ನು ಮರುದಿನವೇ ಅಳಿಸಿದೆ. ಅದು ಸುಲಭದ ಕೆಲಸ. ಹೋದ ವಾರ ಫೋನಿನಲ್ಲಿ ಅಮ್ಮ ಹಾಲಿನ ವಿಷಯ ತೆಗೆದಳು. ಆ ವ್ಯಾನಿನವನಿಗೆ ಅವಳು ಹಾಲು ಹಾಕೋದನ್ನ ಅವತ್ತೇ ನಿಲ್ಲಿಸಿದ್ದಳು. ಈಗಲೂ ಕ್ಯಾನು ಹೊತ್ತು ಆಚೆ ಕೇರಿಯವರೆಗೆ ನಡೀತಾಳೆ. "ಮಂಡಿ ನೋವು ಕಣೋ" ಅಂದಳು. "ಡಾಕ್ಟರ್ ಹತ್ರ ತೋರಿಸು" ಅಂದೆ.